ಓರೆಯಾಗಿ ನಿಂತ ಕಾರ್ಫ್ ಕೋಟೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹತ್ತಿರ, ಡಾರ್ಸೆಟ್‌ನಲ್ಲಿ, ಕಾರ್ಫ್ ಅಂತ ಒಂದು ಕೋಟೆ ಇದೆ. ಲಂಡನ್ನಿನಿಂದ ವೇರ್‌ಹ್ಯಾಮ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಬಸ್ಸಿನ ಕಿಟಕಿಯಿಂದ ಮೊದಲ ಸಲ ಕಂಡಾಗ ತಲೆಗೆ ಬಂದದ್ದು ಒಂದೇ ಪ್ರಶ್ನೆ. ಈ ಗೋಡೆಗಳು ಯಾಕೆ ಒಂದೊಂದು ಒಂದೊಂದು ದಿಕ್ಕಿಗೆ ವಾಲಿವೆ? ಗಾಳಿಮಳೆಗೆ ಸವೆದ ಗೋಡೆಯಾದರೆ ಕಲ್ಲು ಕಲ್ಲಾಗಿ ಉದುರುತ್ತದೆ, ಅಲ್ವಾ? ಇಲ್ಲಿ ಇಡೀ ಬುರುಜೇ ಒಂದು ತುಂಡಾಗಿ ಪಕ್ಕಕ್ಕೆ ಜರುಗಿ ನಿಂತಿದೆ.

ಹಳೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 978ರಲ್ಲಿ ಎಡ್ವರ್ಡ್ ಅನ್ನೋ ಎಳೆಯ ರಾಜನ ಕೊಲೆಯಾದದ್ದು ಕಾರ್ಫ್‌ನಲ್ಲೇ. ಆಗ ಈ ಕಲ್ಲಿನ ಕೋಟೆ ಇರಲಿಲ್ಲ. 1066ರಲ್ಲಿ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದ ಮೇಲೆ ಕೋಟೆ ಎದ್ದಿತು. ನಡುವಿನ ದೊಡ್ಡ ಗೋಪುರ 1100ರ ಆಸುಪಾಸಿನದು, ಒಂದನೇ ಹೆನ್ರಿಯ ಕಾಲದ್ದು. 55 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲೆ ಮತ್ತೆ 21 ಮೀಟರ್ ಗೋಪುರ ಅಂದರೆ ಎಷ್ಟು ದೂರಕ್ಕೆ ಕಾಣುತ್ತಿತ್ತು, ಯೋಚಿಸಿ. ಜಾನ್ ರಾಜ ಇದನ್ನು ಸೆರೆಮನೆಯಾಗಿಯೂ ಬಳಸಿದ. ಅವನ ಕೈಗೆ ಸಿಕ್ಕ 22 ಯೋಧರು ಇಲ್ಲಿ ಅನ್ನವಿಲ್ಲದೆ ಸತ್ತರು ಅಂತ ಹಳೆಯ ಮಠವೊಂದರ ಬರಹದಲ್ಲಿದೆ. ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದ ನನಗೆ ಅದು ನೆನಪಾಗಿ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇರಿ ಬ್ಯಾಂಕ್ಸ್. ಅವಳ ಗಂಡ ಜಾನ್ ಬ್ಯಾಂಕ್ಸ್ ದೊಡ್ಡ ನ್ಯಾಯಾಧೀಶ. 1635ರಲ್ಲಿ ಕೋಟೆ ಕೊಂಡಿದ್ದ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ಅವನು ರಾಜನ ಜೊತೆ ಹೋದ, ಕೋಟೆ ಉಳಿದದ್ದು ಮೇರಿಯ ಕೈಯಲ್ಲಿ. 1643ರಲ್ಲಿ ಪಾರ್ಲಿಮೆಂಟಿನ ಕಡೆಯ ಐದಾರು ನೂರು ಮಂದಿ ಬಂದು ಮುತ್ತಿಗೆ ಹಾಕಿದರು. ಒಳಗೆ ಇದ್ದವರು ಸುಮಾರು 80 ಸೈನಿಕರು. ಹೊರಗಿನವರು ಏಣಿ ಹಾಕಿ ಹತ್ತಿದಾಗ ಮೇರಿ, ಅವಳ ಹೆಣ್ಣುಮಕ್ಕಳು, ಮನೆಕೆಲಸದ ಹೆಂಗಸರು ಮತ್ತು ಬೆರಳೆಣಿಕೆಯ ಸೈನಿಕರು ಸೇರಿ ಮೇಲಿನಿಂದ ಕಲ್ಲು, ಕೆಂಡ ಸುರಿದರು. ಆರು ವಾರ ಕಾದು, ನೂರರಷ್ಟು ಜನರನ್ನು ಕಳೆದುಕೊಂಡು, ಬಂದವರು ವಾಪಸ್ ಹೋದರು.

ಎರಡನೇ ಮುತ್ತಿಗೆಯಲ್ಲಿ ಕೋಟೆ ಹೋಯಿತು. ಹೋದದ್ದು ಫಿರಂಗಿಯಿಂದ ಅಲ್ಲ. ಒಳಗಿನ ಅಧಿಕಾರಿ ಪಿಟ್‌ಮನ್ ಅನ್ನುವವನು ನಮಗೆ ನೆರವಿಗೆ ಬಂದ ಪಡೆ ಅಂತ ಹೇಳಿ ಶತ್ರುಗಳನ್ನೇ ಒಳಗೆ ಬಿಟ್ಟುಕೊಂಡ. ಅದು 1646ರ ಫೆಬ್ರವರಿ. ಮಾರ್ಚ್‌ನಲ್ಲಿ ಕೋಟೆ ಕೆಡವಿ ಅಂತ ಪಾರ್ಲಿಮೆಂಟ್ ಹೇಳಿತು. ಬುಡ ಅಗೆದು, ಮದ್ದು ತುಂಬಿ, ಸಿಡಿಸಿದರು. ಗೋಡೆಗಳು ಎಷ್ಟು ಗಟ್ಟಿ ಇದ್ದವೆಂದರೆ ಪುಡಿಯಾಗಲಿಲ್ಲ, ಓರೆಯಾದವು. ಒಳಬಾಗಿಲಿನ ಜೋಡಿ ಬುರುಜಿನಲ್ಲಿ ಒಂದು ತನ್ನ ಜಾಗದಲ್ಲೇ ಇದೆ, ಇನ್ನೊಂದು ಇಳಿಜಾರಿನಲ್ಲಿ ಜಾರಿ ಕೆಳಗೆ ನಿಂತಿದೆ. ಕಮಾನು ನಡುವೆ ಸೀಳಿದೆ. ಅದರ ಕೆಳಗೆ ನಡೆಯುವಾಗ ಸುಮ್ನೆ ತಲೆ ಎತ್ತಿ ನೋಡುತ್ತಾ ನಿಂತುಬಿಟ್ಟೆ. ಬಸ್ಸಿನಲ್ಲಿ ಎದ್ದ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಕೆಡವಿದ ಕಲ್ಲು ಊರಿನವರ ಮನೆಗೆ ಹೋಯಿತು. ಕೆಳಗಿನ ಬೀದಿಯಲ್ಲಿ ನಡೆದರೆ ಮನೆಗಳದ್ದೂ ಕೋಟೆಯದ್ದೂ ಅದೇ ಬೂದು ಬಣ್ಣ. ರಾಜನ ಕಡೆಯವರು ಮತ್ತೆ ಅಧಿಕಾರಕ್ಕೆ ಬಂದಾಗ ಬ್ಯಾಂಕ್ಸ್ ಮನೆತನಕ್ಕೆ ಆಸ್ತಿ ವಾಪಸ್ ಸಿಕ್ಕಿತು, ಆದರೆ ಅವರು ಕೋಟೆಯನ್ನು ಮತ್ತೆ ಕಟ್ಟಲಿಲ್ಲ. ಕಿಂಗ್‌ಸ್ಟನ್ ಲೇಸಿಯಲ್ಲಿ ಹೊಸ ಬಂಗಲೆ ಎಬ್ಬಿಸಿದರು. 1980ರ ದಶಕದ ಆರಂಭದಲ್ಲಿ ಎರಡೂ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಂದವು.

ಮೇರಿಯ ಧೈರ್ಯ ಮೆಚ್ಚಿ ಗೆದ್ದವರೇ ಕೋಟೆಯ ಕೀಲಿಕೈಗಳನ್ನು ಅವಳಿಗೆ ಬಿಟ್ಟುಕೊಟ್ಟರಂತೆ. ಅವು ಈಗಲೂ ಆ ಬಂಗಲೆಯಲ್ಲಿವೆ, ಬಾಗಿಲೇ ಇಲ್ಲದ ಕೋಟೆಯ ಕೀಲಿಕೈಗಳು. ಈ ಸಲ ಅಲ್ಲಿಗೆ ಹೋಗಲು ಹೊತ್ತು ಸಾಲಲಿಲ್ಲ. ಮುಂದಿನ ಸಲ ಮೊದಲು ಅವನ್ನು ನೋಡಬೇಕು, ಆಮೇಲೆ ಗುಡ್ಡ ಹತ್ತಬೇಕು.