ಗುಂಪು ಎತ್ತ ನೋಡುತ್ತಿದೆ? ತುಮಕೂರಿನ ಬೀದಿಯಲ್ಲಿ ಕಲಿತ ಫೋಟೊ ಪಾಠ

ನಾನು ತುಮಕೂರಿನಲ್ಲಿ ಪತ್ರಿಕಾ ಫೋಟೊಗ್ರಾಫರ್. ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, ‘ಸರ್, ಯಾವ ಕ್ಯಾಮೆರಾ ತಗೊಳ್ಳಲಿ, ಯಾವ ಲೆನ್ಸ್ ತಗೊಳ್ಳಲಿ’ ಅಂತ. ಇರುವುದನ್ನೇ ತನ್ನಿ ಎನ್ನುತ್ತೇನೆ. ಜನ ತುಂಬಿದ ಬೀದಿಗೆ ಇಳಿದಾಗ ಅದಕ್ಕಿಂತ ಮುಂಚೆ ತಿಳಿದುಕೊಳ್ಳಬೇಕಾದದ್ದು ಇನ್ನೊಂದಿದೆ: ಈ ಜನ ಎತ್ತ ನೋಡುತ್ತಿದ್ದಾರೆ, ಎತ್ತ ಹೋಗುತ್ತಿದ್ದಾರೆ? ಇದು ತಿಳಿದರೆ ನಾವು ಎಲ್ಲಿ ನಿಲ್ಲಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ. ತಿಳಿಯದಿದ್ದರೆ ಲಕ್ಷ ರೂಪಾಯಿ ಕ್ಯಾಮೆರಾದಲ್ಲೂ ಸಿಗುವುದು ಬೆನ್ನು, ಬ್ಯಾಗು, ಹೆಲ್ಮೆಟ್ಟು.

ಹೊಸಬರನ್ನು ಮೊದಲು ಅಂತರಸನಹಳ್ಳಿ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತೇನೆ, ಬೆಳಕು ಹರಿಯುವ ಹೊತ್ತಿಗೆ. ಮೊದಲ ನೋಟಕ್ಕೆ ಅಲ್ಲಿ ಬರೀ ಗದ್ದಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಗದ್ದಲ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಹಮಾಲರು ಗಾಡಿಯಿಂದ ಅಂಗಡಿಗೆ ಒಂದೇ ದಾರಿ ಹಿಡಿದು ಓಡಾಡುತ್ತಾರೆ. ಕೊಳ್ಳುವವರು ಹರಾಜು ಕೂಗುವವನನ್ನು ಮುತ್ತಿಕೊಂಡು ಅವನ ಜೊತೆಗೇ ರಾಶಿಯಿಂದ ರಾಶಿಗೆ ಸರಿಯುತ್ತಾರೆ. ಮಾಲು ತಂದ ರೈತ ಮಾತ್ರ ತನ್ನ ರಾಶಿ ಬಿಟ್ಟು ಅಲುಗುವುದಿಲ್ಲ. ಹರಾಜು ನಡೆಯುವಾಗ ಎಲ್ಲರ ಕಣ್ಣು ಕೂಗುವವನ ಮೇಲಿದ್ದರೆ, ರೈತನ ಕಣ್ಣು ಕೊಳ್ಳುವವರ ಮುಖಗಳ ಮೇಲಿರುತ್ತದೆ. ಎಲ್ಲರೂ ಒಂದು ಕಡೆ, ಒಬ್ಬನು ಇನ್ನೊಂದು ಕಡೆ. ನನ್ನ ಪ್ರಕಾರ ಆ ಮಾರುಕಟ್ಟೆಯ ಅಸಲು ಚಿತ್ರ ಅದು.

ಹೊಸಬರು ಕೂಗು ಜೋರಾಗಿರುವಾಗ ಒಂದರ ಮೇಲೊಂದು ಕ್ಲಿಕ್ ಮಾಡಿ, ಕೂಗು ನಿಂತ ತಕ್ಷಣ ಕ್ಯಾಮೆರಾ ಇಳಿಸುತ್ತಾರೆ. ಇನ್ನೊಂದೆರಡು ಸೆಕೆಂಡು ಕಣ್ಣಿಗೆ ಹಿಡಿದುಕೊಂಡೇ ಇರಿ ಎಂದು ಹೇಳುತ್ತೇನೆ. ರೇಟು ನಿಂತ ಮೇಲೆ ವ್ಯಾಪಾರಿಗಳ ಗುಂಪು ಮುಂದಿನ ರಾಶಿಗೆ ಸರಿಯುತ್ತದೆ, ರೈತನೊಬ್ಬನೇ ಉಳಿಯುತ್ತಾನೆ. ಅವತ್ತಿನ ರೇಟು ಎಷ್ಟು ಅಂತ ಆ ಮುಖವೇ ಹೇಳುತ್ತದೆ.

ಸೆಟ್ಟಿಂಗ್ ಬಗ್ಗೆ ನಾಲ್ಕು ಮಾತು. ಬಿಸಿಲು ಬಂದ ಮೇಲೆ ಆಟೊಫೋಕಸ್ ಆಫ್ ಮಾಡಿಸುತ್ತೇನೆ. ಫುಲ್‌ಫ್ರೇಮ್ (ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಗೆ 35 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್ 8, ಫೋಕಸ್ 3 ಮೀಟರಿಗೆ. ಆಗ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಚೊಕ್ಕವಾಗಿ ಬರುತ್ತದೆ. ಶಟರ್, ಅಂದರೆ ಬೆಳಕು ಒಳಬಿಡುವ ಹೊತ್ತು, 1/500 ಸೆಕೆಂಡು ಇದ್ದರೆ ಮೂಟೆ ಹೊತ್ತು ಓಡುವ ಹಮಾಲನೂ ಅಲುಗಾಡದೆ ಸಿಗುತ್ತಾನೆ. ಗುಂಪಿನಲ್ಲಿ ಆಟೊಫೋಕಸ್ ಅಡ್ಡ ಬಂದವನ ಭುಜಕ್ಕೆ ಅಂಟಿಕೊಂಡುಬಿಡುತ್ತದೆ, ಈ ಕ್ರಮದಲ್ಲಿ ಆ ತಾಪತ್ರಯ ಇಲ್ಲ. ಇನ್ನೂ ದೊಡ್ಡ ಲಾಭವೆಂದರೆ, ಎರಡು ಮೀಟರ್ ಹತ್ತಿರಕ್ಕೆ ಹೋಗಲೇಬೇಕಾಗುತ್ತದೆ. ಜೂಮ್ ಲೆನ್ಸ್ ಹಿಡಿದು ರಸ್ತೆಯ ಆಚೆ ನಿಂತವನಿಗೆ ಜನರ ಜೊತೆ ಮಾತಾಡುವ ಪ್ರಸಂಗವೇ ಬರುವುದಿಲ್ಲ.

ಮಾತಾಡಬೇಕು. ‘ಯಾವ ಪೇಪರ್ ಸ್ವಾಮಿ?’, ‘ಯಾಕಣ್ಣ ನಮ್ದು ತೆಗೀತೀರ?’ ಎಂದು ಕೇಳಿಯೇ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳುವುದು ನನ್ನ ಪದ್ಧತಿ. ಬೇಡ ಅಂದರೆ ಕ್ಯಾಮೆರಾ ಇಳಿಸುತ್ತೇನೆ, ತೆಗೆದಾಗಿದ್ದರೆ ಅವರೆದುರೇ ಅಳಿಸುತ್ತೇನೆ. ಸಾರ್ವಜನಿಕ ಜಾಗ, ಕಾನೂನಿನ ಅಡ್ಡಿಯಿಲ್ಲ ಎಂದು ಬೀದಿಯಲ್ಲಿ ವಾದ ಹೂಡುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಅದೇ ಬೀದಿಗೆ ನಾವು ಮತ್ತೆ ಹೋಗಬೇಕು. ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದಾಗ, ‘ತೆಕ್ಕೊಳಪ್ಪ, ಬಾಡಿರೋ ಹೂ ಕಾಣಂಗೆ ಮಾತ್ರ ತೆಗೀಬೇಡ, ಯಾಪಾರ ಕೆಡ್ತದೆ’ ಅಂದರು. ನಾವು ತೆಗೆಯುವ ಚಿತ್ರ ಇನ್ನೊಬ್ಬರ ಅನ್ನಕ್ಕೆ ತಾಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ನನಗೆ ಬೇರೆ ಯಾರೂ ಹೇಳಿರಲಿಲ್ಲ. ಅಂಥ ದಿನನಿತ್ಯದ ಜನರ ಚಿತ್ರಗಳಿಂದಲೇ ಹೆಸರಾದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಹಬ್ಬದ ಹಿಂದಿನ ಸಂಜೆ ಎಂ.ಜಿ. ರಸ್ತೆಯಲ್ಲಿ ಬೇರೆ ಉಪಾಯ. ಅಲ್ಲಿ ಜನ ಒಂದು ಕಡೆ ನೋಡುವುದಿಲ್ಲ, ಅಂಗಡಿಗೊಂದು ನೋಟ. ಹಾಗಾಗಿ ನಡೆದಾಟವನ್ನೇ ಹಿಡಿಯಬೇಕು. ಅಂಗಡಿಯ ಕಂಬಕ್ಕೆ ಕ್ಯಾಮೆರಾ ಒತ್ತಿ ಹಿಡಿದು, ಶಟರ್ 1/8 ಸೆಕೆಂಡಿಗೆ ಇಳಿಸಿ, ಅಲುಗದೆ ನಿಂತ ಒಬ್ಬರನ್ನು ಹುಡುಕಿ. ಬಲೂನು ಮಾರುವವರೋ, ಮಗುವಿನ ಕೈ ಹಿಡಿದು ಗಂಡನಿಗಾಗಿ ಕಾಯುತ್ತಿರುವ ತಾಯಿಯೋ ಸಿಕ್ಕೇ ಸಿಗುತ್ತಾರೆ. ಅವರು ಸ್ಪಷ್ಟವಾಗಿ, ಸುತ್ತಲಿನವರು ಗೆರೆಗೆರೆಯಾಗಿ ಬರುತ್ತಾರೆ.

ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆಯಲ್ಲಿ ಎಲ್ಲರೂ ತೆಗೆಯುವುದು ತೇರನ್ನು. ತೇರು ವರ್ಷ ವರ್ಷವೂ ಅದೇ, ನೋಡುವ ಮುಖಗಳು ಬೇರೆ. ತೇರಿಗೆ ಬೆನ್ನು ಹಾಕಿ, ಬಾಳೆಹಣ್ಣು ದವನ ಎಸೆಯುವವರ ಕಡೆ ತಿರುಗಿ ನಿಲ್ಲಬೇಕು. ಎಸೆಯುವ ಮುಂಚೆ ಕೈ ಹಿಂದಕ್ಕೆ ಹೋಗುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ, ತುಟಿಯಲ್ಲಿ ಏನೋ ಒಂದು ಬೇಡಿಕೆ. ಆ ಕ್ಷಣದಲ್ಲಿ ಯಾರಿಗೂ ಕ್ಯಾಮೆರಾದ ಪರಿವೆ ಇರುವುದಿಲ್ಲ.

ಬೆನ್ನು ಹಾಕಿ ಎಂದೆನಾದರೂ ತೇರಿನ ದಾರಿಯಲ್ಲಿ ನಿಂತು ಅಲ್ಲ. ಚಕ್ರದ ಮುಂದೆ, ತೇರಿಗೂ ಗೋಡೆಗೂ ನಡುವೆ, ಹಗ್ಗ ಎಳೆಯುವವರು ಹಿಂದೆ ಸರಿಯಬಹುದಾದ ಜಾಗದಲ್ಲಿ ಯಾವತ್ತೂ ನಿಲ್ಲಬಾರದು. ಜನಸಂದಣಿಯನ್ನು ಅಧ್ಯಯನ ಮಾಡುವವರು ಒಂದು ಚದರ ಮೀಟರಿನಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಿದರೆ ಅಪಾಯ ಎನ್ನುತ್ತಾರೆ. ಆ ಮಟ್ಟದಲ್ಲಿ ಮನುಷ್ಯ ತನ್ನ ಕಾಲಿನ ಮೇಲೆ ತಾನು ನಡೆಯುವುದಿಲ್ಲ, ಗುಂಪು ಅವನನ್ನು ನಡೆಸುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಈ ಮಾತನ್ನು ಪಾಠದ ಮೊದಲ ದಿನವೇ ಹೇಳುತ್ತಿದ್ದೇನೆ. ಅಕ್ಕಪಕ್ಕದವರ ಮೈ ಎರಡೂ ಕಡೆಯಿಂದ ಒತ್ತಲು ಶುರುವಾದರೆ ಚಿತ್ರ ಬಿಟ್ಟು ಓರೆಯಾಗಿ ಅಂಚಿನ ಕಡೆ ಹೊರಡಿ.

2019ರ ಜನವರಿ 21ರಂದು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು, 111 ವರ್ಷ. ಮಠದ ಕಡೆ ಬಂದ ಜನಕ್ಕೆ ಲೆಕ್ಕವಿರಲಿಲ್ಲ. ಎತ್ತರದಿಂದ ತೆಗೆದ ಜನಸಾಗರದ ಚಿತ್ರಗಳು ಎಲ್ಲೆಡೆ ಬಂದವು, ಅವು ಬೇಕೂ ಬೇಕು. ನಾನು ಮಾತ್ರ ದರ್ಶನದ ಸಾಲು ತಿರುಗುವ ಜಾಗ ಹುಡುಕಿಕೊಂಡು ನಿಂತೆ. ನೇರ ಸಾಲಿನಲ್ಲಿ ತಲೆಗಳಷ್ಟೇ ಕಾಣುತ್ತವೆ. ತಿರುವಿನಲ್ಲಿ ಒಂದೊಂದೇ ಮುಖ ಬೆಳಕಿಗೆ ಬರುತ್ತದೆ, ಮುಂದೆ ಇನ್ನೆಷ್ಟು ದೂರವಿದೆ ಎಂದು ಕತ್ತೆತ್ತುತ್ತದೆ. ಮಠದಲ್ಲಿ ಓದಿ ಈಗ ತಲೆ ನರೆತವರು, ಹೆಗಲ ಮೇಲೆ ಮಗು ಕೂರಿಸಿಕೊಂಡವರು ಹಾಗೇ ಸಿಕ್ಕರು. ಅಷ್ಟು ದುಃಖದ ನಡುವೆಯೂ ದಾಸೋಹ ನಿಲ್ಲಲಿಲ್ಲ. ಊಟದ ಪಂಕ್ತಿಯಲ್ಲಿ ಕೂತವರ ಮುಖ ದರ್ಶನದ ಸಾಲಿನ ಮುಖಕ್ಕಿಂತ ಬೇರೆಯಾಗಿತ್ತು, ಅದನ್ನೂ ತೆಗೆದೆ. ಫ್ರಾನ್ಸಿನ ಫೋಟೊಗ್ರಾಫರ್ ಆನ್ರಿ ಕಾರ್ಟಿಯೆ ಬ್ರೆಸೋನ್ 1948ರ ಜನವರಿ 30ರಂದು, ಗಾಂಧೀಜಿಯ ಹತ್ಯೆಗೆ ಸ್ವಲ್ಪ ಮುಂಚೆ, ಅವರನ್ನು ಕಂಡಿದ್ದರು. ಆಮೇಲೆ ದೆಹಲಿಯ ಅಂತ್ಯಯಾತ್ರೆಯಲ್ಲಿ ಅವರು ತೆಗೆದ ಜನರ ಚಿತ್ರಗಳನ್ನು ಕಲಿಯುವವರಿಗೆ ತೋರಿಸುತ್ತೇನೆ. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಯಾವ ಸಂಕಟದಿಂದ ಬಂದರು ಅನ್ನುವುದು ಅವುಗಳಲ್ಲಿ ಕಾಣುತ್ತದೆ.

‘ಎಷ್ಟು ಜನ’ ಎಂಬ ಪ್ರಶ್ನೆ ಬೆನ್ನು ಬಿಡದೆ ಬರುವುದು ರಾಜಕೀಯ ಸಮಾವೇಶಗಳಲ್ಲಿ. ವೇದಿಕೆಯ ಮುಂದೆ ತಗ್ಗಿ ನಿಂತು 200 ಎಂಎಂ ಲೆನ್ಸಿನಲ್ಲಿ ದೂರದ ಸಾಲುಗಳನ್ನು ತೆಗೆದರೆ ಸಾಲುಗಳ ನಡುವಿನ ಖಾಲಿ ಜಾಗ ಮುಚ್ಚಿಹೋಗಿ ತಲೆ ಮೇಲೆ ತಲೆ ಕಾಣುತ್ತದೆ. ಅದೇ ಮೈದಾನವನ್ನು ಪಕ್ಕದ ಮಹಡಿಯಿಂದ ತೆಗೆದರೆ ಖಾಲಿ ಕುರ್ಚಿಗಳೆಲ್ಲ ಎದ್ದು ಕಾಣುತ್ತವೆ. ಎರಡರಲ್ಲೂ ಕಲಬೆರಕೆ ಇಲ್ಲ, ಆದರೆ ಓದುಗನಿಗೆ ಒಂದೇ ಸಿಕ್ಕರೆ ಅವನು ತಪ್ಪು ತಿಳಿಯುತ್ತಾನೆ.

ಅಂದಾಜಿಗೆ ಒಂದು ಹಳೆಯ ಲೆಕ್ಕ ನನಗೆ ತುಂಬಾ ಉಪಯೋಗವಾಗಿದೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಪಾಠ ಹೇಳುತ್ತಿದ್ದ ಹರ್ಬರ್ಟ್ ಜೇಕಬ್ಸ್, ಕಚೇರಿಯ ಕಿಟಕಿಯಿಂದ ಕೆಳಗೆ ಸೇರುತ್ತಿದ್ದ ವಿದ್ಯಾರ್ಥಿಗಳನ್ನು ನೋಡಿ ಕಂಡುಕೊಂಡದ್ದು. ನೆಲದ ಕಾಂಕ್ರೀಟಿನ ಚೌಕಗಳಲ್ಲಿ ಎಷ್ಟೆಷ್ಟು ಜನ ನಿಲ್ಲುತ್ತಾರೆಂದು ಅವರು ಎಣಿಸಿದರು. ಬಿಡಿಯಾಗಿ ನಿಂತರೆ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತರೆ ನಾಲ್ಕೂವರೆ. ಅಂದರೆ 100 ಅಡಿಗೆ 100 ಅಡಿ ಜಾಗದಲ್ಲಿ ಬಿಡಿಯಾಗಿ 1,000 ಜನ, ಒತ್ತಾಗಿ ಸುಮಾರು 2,200. ಮೈದಾನದ ಉದ್ದಗಲವನ್ನು ಮೊದಲೇ ಹೆಜ್ಜೆಯಲ್ಲಿ ಅಳೆದಿಟ್ಟುಕೊಂಡರೆ ಆಯೋಜಕರು ಹೇಳುವ ಸಂಖ್ಯೆ ನಂಬುವಂಥದ್ದೋ ಅಲ್ಲವೋ ಅಲ್ಲೇ ತಿಳಿಯುತ್ತದೆ.

ಪತ್ರಿಕೆಯ ಡೆಸ್ಕಿಗೆ ನಾನು ವೇದಿಕೆಯ ಮುಂದಿನದು, ಮಹಡಿಯದು ಎರಡೂ ಚಿತ್ರ ಕಳಿಸುತ್ತೇನೆ. ಯಾವುದನ್ನು ಎಲ್ಲಿಂದ, ಎಷ್ಟು ಗಂಟೆಗೆ ತೆಗೆದೆ ಎಂದು ಅಡಿಬರಹದಲ್ಲಿ ಬರೆದಿರುತ್ತೇನೆ, ಏಕೆಂದರೆ ಊಟದ ಹೊತ್ತಿಗೆ ಮೊದಲಿದ್ದ ಜನ ಊಟವಾದ ಮೇಲೆ ಇರುವುದಿಲ್ಲ. ಯಾವುದನ್ನು ಹಾಕಬೇಕೆಂಬುದು ಸಂಪಾದಕರ ತೀರ್ಮಾನ. ಮಹಡಿಯ ಚಿತ್ರ ಇಲ್ಲದೆ ವೇದಿಕೆಯ ಚಿತ್ರವೊಂದನ್ನೇ ಕಳಿಸುವ ರೂಢಿ ನನಗಿಲ್ಲ, ಕಲಿಯಲು ಬಂದವರಿಗೂ ಅದನ್ನೇ ಹೇಳಿಕೊಡುತ್ತಿದ್ದೇನೆ.