ಮೂರು ವರ್ಷದ ವಿಮಾನ

27 ಜುಲೈ 2025, ಭಾನುವಾರ
ಗೋಣಿಕೊಪ್ಪಲು

ಮಧ್ಯಾಹ್ನ ಸೋದರಳಿಯ ಗೋವಾದಿಂದ ಫೋನ್ ಮಾಡಿದ್ದ. ಕೊಡಗಿನ ಮಳೆಗಾಲದ ಹಬ್ಬವಾದ ಕಕ್ಕಡ ಹದಿನೆಂಟಕ್ಕೆ ಊರಿಗೆ ಬರಲು ರಜೆ ಸಿಕ್ಕಿದೆಯಂತೆ. "ಮಾವ, ಇಲ್ಲಿಂದ ಮೈಸೂರಿಗೆ ವಿಮಾನ ಮತ್ತೆ ಶುರುವಾಗಿದೆಯಾ?" ಎಂದು ಕೇಳಿದ. ಇಲ್ಲವೆಂದೆ. ಈ ಪ್ರಶ್ನೆಯನ್ನು ಅವನು ಪ್ರತಿ ಸಲವೂ ಕೇಳುತ್ತಾನೆ, ನಾನೂ ಪ್ರತಿ ಸಲ ಇದೇ ಉತ್ತರ ಕೊಡುತ್ತೇನೆ.

2019ರ ಜುಲೈನಲ್ಲಿ, ಸಣ್ಣ ಊರುಗಳ ವಿಮಾನಗಳಿಗೆ ಸಹಾಯಧನ ಕೊಡುವ ಕೇಂದ್ರದ ಉಡಾನ್ ಯೋಜನೆಯಡಿ, ಮೈಸೂರಿನಿಂದ ಗೋವಾಕ್ಕೆ ವಿಮಾನ ಆರಂಭವಾದಾಗ ನೌಕಾಪಡೆಯಲ್ಲಿರುವ ನಮ್ಮ ಹುಡುಗನಿಗಾದ ಅನುಕೂಲ ಅಷ್ಟಿಷ್ಟಲ್ಲ. ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಲ್ಲಿ ಇಳಿದರೆ ಹುಣಸೂರು ದಾರಿಯಲ್ಲಿ ಅದೇ ದಿನ ಮನೆ ಸೇರುತ್ತಿದ್ದ. ನಡುವೆ ಕೋವಿಡ್ ಬಂತು, ಆ ಮಾರ್ಗದ ಹಾರಾಟಗಳು ಕಡಿಮೆಯಾದವು, ಕೊನೆಗೆ ನಿಂತೇಹೋದವು. ಕಳೆದ ವರ್ಷ ಜುಲೈನಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಾಗ ಅವನು ರೈಲಿನಲ್ಲಿ ಮಂಗಳೂರಿಗೆ ಬಂದಿಳಿದದ್ದು ಸಂಜೆ ಏಳಕ್ಕೆ. ಭೂಕುಸಿತದ ಭಯದಿಂದ ಆ ದಿನಗಳಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಿದ್ದರು. ಬೆಳಿಗ್ಗೆ ಆರರವರೆಗೆ ಕಾದು ಅವನು ಮನೆಗೆ ಬರುವ ವೇಳೆಗೆ ಅಮ್ಮನಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಹಿಂದಿನ ರಾತ್ರಿ ಎಚ್ಚರವಿದ್ದಷ್ಟು ಹೊತ್ತೂ "ಅವನು ಎಲ್ಲಿಗೆ ಬಂದ?" ಎಂದು ಕೇಳುತ್ತಲೇ ಇದ್ದರು. ಆ ರಾತ್ರಿಯನ್ನು ನಾನು ಮರೆತಿಲ್ಲ.

ವಾಯುಪಡೆಯಲ್ಲಿ ಸಾಗಣೆ ವಿಮಾನಗಳ ನಡುವೆ ದುಡಿದವನಾದ್ದರಿಂದ ಸಣ್ಣ ವಿಮಾನ ಏಕೆ ದುಬಾರಿಯೆಂಬುದು ನನಗೆ ಗೊತ್ತು. ಡಾರ್ನಿಯರ್ ವಿಮಾನಕ್ಕೆ ಜನರನ್ನು ಹತ್ತಿಸುವ ಮೊದಲು ಒಬ್ಬೊಬ್ಬರ ತೂಕವನ್ನೂ ಅವರ ಚೀಲದ ತೂಕವನ್ನೂ ಹಾಳೆಯ ಮೇಲೆ ಬರೆದು, ಭಾರದ ಕೇಂದ್ರ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ, ಭಾರೀ ಆಸಾಮಿಯನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ಮುಂದೆ ಕೂರಿಸುತ್ತಿದ್ದೆವು. ಅಂಥ ವಿಮಾನಕ್ಕೂ ಇಬ್ಬರು ಪೈಲಟ್‌ಗಳು ಬೇಕು, ದೊಡ್ಡ ವಿಮಾನಕ್ಕೂ ಇಬ್ಬರೇ. ನೂರೆಂಬತ್ತು ಜನ ಹಂಚಿಕೊಳ್ಳುವ ಸಂಬಳವನ್ನು ಇಲ್ಲಿ ಹದಿನೇಳು ಜನ ಹೊರಬೇಕು. ತಪಾಸಣೆ, ಬಿಡಿಭಾಗಗಳ ಖರ್ಚೂ ಹಾಗೆಯೇ. ಟಿಕೆಟ್ ಹಣದಲ್ಲಿ ಅದು ಎಂದಿಗೂ ಪೂರ್ತಿ ಗಿಟ್ಟುವುದಿಲ್ಲ.

2016ರ ಅಕ್ಟೋಬರ್‌ನಲ್ಲಿ ಘೋಷಣೆಯಾಗಿ, 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಆರಂಭವಾದ ಉಡಾನ್ ಈ ಸತ್ಯವನ್ನು ಒಪ್ಪಿಕೊಂಡೇ ಹುಟ್ಟಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಆರಂಭದಲ್ಲಿ 2,500 ರೂಪಾಯಿಯ ಮಿತಿ ಹಾಕಿ, ಅರ್ಧದಷ್ಟು ಆಸನಗಳನ್ನು ಆ ದರಕ್ಕೆ ಮೀಸಲಿಟ್ಟು, ವಿಮಾನ ಕಂಪನಿಗೆ ಬೀಳುವ ಕೊರತೆಯನ್ನು ಸರ್ಕಾರವೇ ತುಂಬಿಕೊಡುವ ಏರ್ಪಾಡು ಅದು. ಆ ಹಣದಲ್ಲಿ ರಾಜ್ಯದ ಪಾಲು ನೂರಕ್ಕೆ ಇಪ್ಪತ್ತು, ಈಶಾನ್ಯ ರಾಜ್ಯಗಳಿಗೆ ಹತ್ತು. ಉಳಿದದ್ದು ಪ್ರಮುಖ ಮಾರ್ಗಗಳ ಪ್ರತಿ ಹಾರಾಟದ ಮೇಲೆ ವಿಧಿಸುವ ಶುಲ್ಕದಿಂದ ಬರುತ್ತದೆ. ಬೆಂಗಳೂರು–ದೆಹಲಿ ನಡುವೆ ಹಾರುವವನು ಅರುಣಾಚಲದ ಪಾಸಿಘಾಟ್‌ಗೆ ಹೋಗುವವನ ಟಿಕೆಟ್‌ಗೆ ನಾಲ್ಕು ಕಾಸು ಕೊಟ್ಟಂತಾಯಿತು. ಇದರಲ್ಲಿ ನನಗೆ ಅನ್ಯಾಯವೇನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಆರೇಳು ಜನರನ್ನು ಹೊತ್ತು ನಮ್ಮ ಗುಡ್ಡದ ಊರು ಬಿರುನಾಣಿಗೆ ಹತ್ತುವ ಬಸ್ಸೂ ತನ್ನ ಟಿಕೆಟ್ ಹಣದಿಂದಲೇ ಓಡುತ್ತಿಲ್ಲ.

ತೊಡಕಿರುವುದು ಅವಧಿಯಲ್ಲಿ. ಈ ಸಹಾಯಧನ ಮೂರೇ ವರ್ಷ. ಅಷ್ಟರೊಳಗೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕೆಂಬ ನಿರೀಕ್ಷೆ. ಅದು ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿಯೇ ಹೇಳುತ್ತದೆ: ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳ ಪೈಕಿ 403ರಲ್ಲಿ ಹಾರಾಟವೇ ಆರಂಭವಾಗಲಿಲ್ಲ, ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112, ಅವುಗಳಲ್ಲಿ 2023ರ ಮಾರ್ಚ್ ಹೊತ್ತಿಗೆ ಉಳಿದುಕೊಂಡವು 54. ಮೂರು ವರ್ಷದಲ್ಲಿ ಗುಡ್ಡಗಾಡಿನ ಊರಿನ ಜನಸಂಖ್ಯೆ ಹೆಚ್ಚುವುದಿಲ್ಲ, ದೂರವೂ ತಗ್ಗುವುದಿಲ್ಲ. ಮೊದಲ ದಿನ ಇದ್ದ ಕಾರಣ ಕೊನೆಯ ದಿನವೂ ಹಾಗೆಯೇ ಇರುವಾಗ ಸಹಾಯ ಮಾತ್ರ ನಿಂತರೆ ವಿಮಾನವೂ ನಿಲ್ಲದೆ ಇನ್ನೇನಾದೀತು?

ಅಮೆರಿಕದವರು ಈ ಪಾಠವನ್ನು ನಮಗಿಂತ ಮೊದಲೇ ಕಲಿತರು. 1978ರಲ್ಲಿ ವಿಮಾನ ಕಂಪನಿಗಳ ಮೇಲಿನ ನಿಯಂತ್ರಣ ಸಡಿಲಿಸಿದಾಗ ಸಣ್ಣ ಊರುಗಳು ಅನಾಥವಾಗುತ್ತವೆಂದು 'ಎಸೆನ್ಷಿಯಲ್ ಏರ್ ಸರ್ವಿಸ್' ಎಂಬ ಸಹಾಯಧನದ ಕಾರ್ಯಕ್ರಮವನ್ನು ಹತ್ತು ವರ್ಷಗಳ ಮಟ್ಟಿಗೆ ತಂದರು. ಅವಧಿ ಮುಗಿಯುವ ಹೊತ್ತಿಗೆ ಇನ್ನು ಹತ್ತು ವರ್ಷ ಮುಂದುವರಿಸಿ, 1996ರಲ್ಲಿ ಗಡುವನ್ನೇ ತೆಗೆದುಹಾಕಿದರು. ಒಂಬತ್ತು ಆಸನಗಳ ಸೆಸ್ನಾ ವಿಮಾನಗಳು ಕೂಡ ಈ ಹಣದಿಂದ ಹಾರಿವೆ. ನಾರ್ವೆಯಲ್ಲಿ ಎಂಟುನೂರು ಮೀಟರ್ ಆಸುಪಾಸಿನ ರನ್‌ವೇಗಳಿರುವ ಊರುಗಳಿಗೆ ಸರ್ಕಾರವೇ ಟೆಂಡರ್ ಕರೆದು ಸೇವೆ ಕೊಡಿಸುತ್ತದೆ. ಗುತ್ತಿಗೆ ಮುಗಿದರೆ ಮತ್ತೆ ಟೆಂಡರ್ ಕರೆಯುತ್ತಾರೆಯೇ ಹೊರತು ಊರನ್ನು ಕೈಬಿಡುವುದಿಲ್ಲ. ನಮ್ಮಲ್ಲೂ ಪ್ರತಿ ಮೂರು ವರ್ಷಕ್ಕೊಮ್ಮೆ ಲೆಕ್ಕ ಕೇಳಲಿ, ಕಂಪನಿ ಸರಿಯಿಲ್ಲದಿದ್ದರೆ ಬದಲಿಸಲಿ, ಮಾರ್ಗವನ್ನು ಮಾತ್ರ ಉಳಿಸಲಿ.

ಕುಶಾಲನಗರದ ಬಳಿ ಕಿರು ವಿಮಾನ ನಿಲ್ದಾಣವಾಗಬೇಕೆಂಬ ಮಾತು ಆಗಾಗ ಏಳುತ್ತದೆ. ರೈಲೂ ಇಲ್ಲದ ಜಿಲ್ಲೆಯಲ್ಲಿ ಆ ಆಸೆ ಸಹಜವಾದದ್ದೇ. ಆದರೂ ನಾನು ಅದನ್ನು ಬೆಂಬಲಿಸಲಾರೆ. ಇಳಿಯಲು ದಾರಿ ತೋರುವ ಉಪಕರಣಗಳಿಲ್ಲದ ಸಣ್ಣ ನಿಲ್ದಾಣದಲ್ಲಿ ಪೈಲಟ್‌ಗೆ ಐದು ಕಿಲೋಮೀಟರ್‌ವರೆಗೆ ಕಣ್ಣಿಗೆ ಕಾಣಬೇಕು; ಇದನ್ನು ಬರೆಯುತ್ತಿರುವಾಗ ಕಿಟಕಿಯಾಚೆ ಮೂವತ್ತು ಅಡಿ ದೂರದ ಸಿಲ್ವರ್ ಓಕ್ ಮರವೇ ಮಂಜಿನಲ್ಲಿ ಕಾಣುತ್ತಿಲ್ಲ. ಘಾಟಿ ಮುಚ್ಚುವ ದಿನಗಳಲ್ಲೇ ಆ ನಿಲ್ದಾಣವೂ ಮುಚ್ಚಿರುತ್ತದೆ. ವಿರಾಜಪೇಟೆಯಿಂದ ಮಾಕುಟ್ಟದ ಮೂಲಕ ಕಣ್ಣೂರು ವಿಮಾನ ನಿಲ್ದಾಣಕ್ಕೆ ಸುಮಾರು 60 ಕಿಲೋಮೀಟರ್, ಮಡಿಕೇರಿಯಿಂದ ಮೈಸೂರಿಗೆ ಸುಮಾರು 120. ನಮಗೆ ಬೇಕಿರುವುದು ಮೈಸೂರಿನಲ್ಲಿ ನಿಂತುಹೋದ ಹಾರಾಟಗಳು ಮತ್ತೆ ಆರಂಭವಾಗಿ ಉಳಿಯುವುದು, ಅಲ್ಲಿಗೆ ಹೋಗುವ ರಸ್ತೆ ಮಳೆಗಾಲದಲ್ಲೂ ತೆರೆದಿರುವುದು. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಇದೆ, ಎಪ್ಪತ್ತು ಆಸನಗಳ ಆಸುಪಾಸಿನ ಎಟಿಆರ್ ವಿಮಾನಕ್ಕೆ ಅಷ್ಟು ಸಾಕು. 2022ರ ಏಪ್ರಿಲ್ 12ರಂದು ದಿಬ್ರುಗಢದಿಂದ ಪಾಸಿಘಾಟ್‌ಗೆ ಹಾರಿದ್ದು ನಮ್ಮ ಎಚ್‌ಎಎಲ್ ತಯಾರಿಸಿದ 17 ಆಸನಗಳ ಡಾರ್ನಿಯರ್. ಅಂಥದ್ದೊಂದು ಮೈಸೂರಿಗೆ ಬಂದರೂ ನಮಗೆ ಸಂತೋಷವೇ.

ಸಂಜೆ ಸೋದರಳಿಯ ಮತ್ತೆ ಫೋನ್ ಮಾಡಿ ರೈಲಿನ ಟಿಕೆಟ್ ಆಗಿದೆಯೆಂದ. ಶನಿವಾರ ಬೆಳಗಿನ ಜಾವ ಮಂಗಳೂರಿಗೆ ಬಂದಿಳಿಯುತ್ತಾನೆ. ಬಸ್ಸಿಗೆ ಕಾಯಬೇಡ, ಶುಕ್ರವಾರವೇ ಜೀಪು ತೆಗೆದುಕೊಂಡು ಬಂದು ಸ್ಟೇಷನ್‌ನಲ್ಲಿ ಇರುತ್ತೇನೆಂದು ಹೇಳಿದ್ದೇನೆ. ಮರುದಿನದ ಹಬ್ಬದ ಪಾಯಸಕ್ಕೆ ಹಾಕುವ, ಔಷಧಿ ಗುಣದ ಮದ್ದುಸೊಪ್ಪನ್ನು ಅವನೇ ಕೊಯ್ಯಲಿ. ಅಜ್ಜಿ ಇದ್ದಾಗ ಅದು ಅವನದೇ ಕೆಲಸವಾಗಿತ್ತು.