ಹೆಸರಿಲ್ಲದ ಸಕ್ಯುಲೆಂಟ್ ಯಾವ್ದು ಅಂತ ಕಂಡುಹಿಡಿಯೋದು

ನರ್ಸರಿಯವ್ರನ್ನ ಗಿಡದ ಹೆಸರೇನು ಅಂತ ಕೇಳಿದ್ರೆ "ಸಕ್ಯುಲೆಂಟ್ ಮೇಡಂ, ನೀರು ಜಾಸ್ತಿ ಹಾಕ್ಬೇಡಿ" ಅಂತಾರೆ, ಮುಗೀತು. ಎಲೇಲೋ ಕಾಂಡದಲ್ಲೋ ನೀರು ಕೂಡಿಟ್ಕೊಳೋ ಗಿಡಕ್ಕೆಲ್ಲಾ ಸಕ್ಯುಲೆಂಟ್ ಅಂತಾರೆ. ಇದೇನು ಹಣ್ಣು ಅಂದ್ರೆ "ಸಿಹಿ ಇರುತ್ತೆ" ಅಂದಂಗೆ! ನಾನು ತಂದಿರೋದು ಅಂಗೈಯಷ್ಟಿದೆ, ಕಡುಹಸಿರು ಚೂಪು ಎಲೆ, ಮೇಲೆ ಬಿಳೀ ಪಟ್ಟೆ. ಪಕ್ಕದ್ಮನೆ ಆಂಟಿ ನೋಡಿದ್ ಕೂಡ್ಲೇ ಲೋಳೆಸರದ ಮರಿ ಅಂದ್ರು, ಫೋನಲ್ಲಿರೋ ಆ್ಯಪ್ ಒಂದ್ ಫೋಟೋಗೆ ಅಲೋ (ಲೋಳೆಸರದ ಗುಂಪು) ಅಂತು, ಇನ್ನೊಂದಕ್ಕೆ ಹಾವರ್ಥಿಯಾ (ಅದರ ಸಂಬಂಧಿ, ಪುಟ್ಟ ಸಕ್ಯುಲೆಂಟ್) ಅಂತು.

ಯಾವ್ದಾದ್ರೇನು ಅನ್ಬೇಡಿ. ಲೋಳೆಸರ ಟೆರೇಸ್ ಬಿಸಿಲಲ್ಲಿ ಆರಾಮಾಗಿರುತ್ತೆ, ಹಾವರ್ಥಿಯಾ ಮಟಮಟ ಬಿಸಿಲಿಗೆ ಇಟ್ರೆ ಎಲೆ ಕೆಂಪಗಾಗಿ ಸುಟ್ಟುಹೋಗುತ್ತೆ, ಅದಕ್ಕೆ ಕಿಟಕಿ ಬೆಳಕೇ ಸಾಕು. ಮನೇಲಿ ಬೆಕ್ಕಿದ್ರಂತೂ ತಿಳ್ಕೊಳ್ಳೇಬೇಕು, ಲೋಳೆಸರ ಕಚ್ಚಿದ್ರೆ ವಾಂತಿ ಮಾಡ್ಕೊಳುತ್ತೆ, ಹಾವರ್ಥಿಯಾದಿಂದ ಆ ಭಯ ಇಲ್ಲ.

ಆ್ಯಪ್ ಪಕ್ಕಕ್ಕಿಟ್ಟು ಮೊದ್ಲು ಎಲೆ ಅಂಚು ನೋಡ್ದೆ. ಲೋಳೆಸರಕ್ಕೆ ಅಂಚಲ್ಲಿ ಗರಗಸದ ಥರ ಮುಳ್ಳಿರುತ್ತೆ, ಇದಕ್ಕಿಲ್ಲ. ಲೇಸ್ ಅಲೋ ಅಂತ ಒಂದಿದೆ, ಅದು ನೋಡೋಕೆ ಹೀಗೇ ಇರುತ್ತೆ ಆದ್ರೆ ತುದೀಲಿ ದಾರದಂಥ ಎಳೆ, ಅಂಚಲ್ಲಿ ಮೆತ್ತನೆ ಬಿಳಿ ಹಲ್ಲು, ಅದೂ ಇಲ್ಲ. ಗ್ಯಾಸ್ಟೀರಿಯಾ ಅಂತ ಇನ್ನೊಂದು ಸಂಬಂಧಿ ಗಿಡ ಇದೆ, ಅದು ಎಳೇದಿದ್ದಾಗ ಎಲೆ ಎದುರುಬದುರು ಎರಡೇ ಸಾಲು, ಇದ್ರದ್ದು ಸುತ್ತಲೂ ಹರಡಿದೆ. ಅಲ್ಲಿಗೆ ಇದು ಹಾವರ್ಥಿಯಾನೇ, ಅದ್ರಲ್ಲೂ ಬಿಳೀ ಪಟ್ಟೆಯ ಜೀಬ್ರಾ ಪ್ಲಾಂಟ್ ಅನ್ನೋದು ಗ್ಯಾರಂಟಿ.

ಮಜಾ ಇರೋದು ಇಲ್ಲೇ. ಜೀಬ್ರಾ ಅಂತ ಕರೆಯೋವು ಎರಡಿವೆ, ಅಟೆನ್ಯುಯೇಟಾ ಮತ್ತೆ ಫ್ಯಾಸಿಯಾಟಾ, ಎರಡೂ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಕಡೇವು. ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ, ಎಲೆಯ ಒಳಮೈ ಅಂದ್ರೆ ಗಿಡದ ನಡುವಿಗೆ ತಿರುಗಿರೋ ಕಡೆ ಹೆಬ್ಬೆರಳಿಂದ ಸವರಬೇಕು. ಫ್ಯಾಸಿಯಾಟಾ ಅಲ್ಲಿ ನುಣ್ಣಗಿರುತ್ತೆ, ಅಟೆನ್ಯುಯೇಟಾಗೆ ಅಲ್ಲೂ ಬಿಳಿ ಗುಳ್ಳೆ. ನಂದು ಬುಡದಿಂದ ತುದೀವರೆಗೂ ತರಿತರಿ. ಅಂಗಡೀಲಿ ಫ್ಯಾಸಿಯಾಟಾ ಅಂತ ಮಾರೋವು ಹೆಚ್ಚಿನವು ನಿಜಕ್ಕೂ ಅಟೆನ್ಯುಯೇಟಾನೇ, ಅಂದ್ರೆ ಹೆಸರಿನ ಚೀಟಿ ಇದ್ರೂ ನಂಬೋ ಹಾಗಿಲ್ಲ.

ಇನ್ನೊಂದು ತಲೆನೋವು, 2013ರಲ್ಲಿ ಸಸ್ಯಶಾಸ್ತ್ರಜ್ಞ ಗಾರ್ಡನ್ ರೌಲಿ ಇವನ್ನ ಹಾವರ್ಥಿಯಾದಿಂದ ತೆಗೆದು ಹಾವರ್ಥಿಯೋಪ್ಸಿಸ್ ಅಂತ ಬೇರೆ ಗುಂಪಿಗೆ ಹಾಕಿದ್ರು, ಹಾಗಾಗಿ ಹುಡುಕುವಾಗ ಎರಡೂ ಹೆಸರಲ್ಲಿ ಹುಡುಕಿ. ಹೂ ಬಿಟ್ರೆ ಇನ್ನೂ ಸುಲಭ, ಸಣಕಲು ದಂಟಲ್ಲಿ ಪುಟ್ಟ ಬಿಳಿ ಹೂ ಬಂದ್ರೆ ಈ ಕಡೇದು, ಹಳದಿನೋ ಕಿತ್ತಳೆನೋ ಕೊಳವೆ ಹೂ ಬಂದ್ರೆ ಅಲೋ ಕಡೇದು.

ಒಳಗಡೆ ನುಣ್ಣಗಿರೋ ಅಸಲಿ ಫ್ಯಾಸಿಯಾಟಾ ಯಾರ ಹತ್ರ ಆದ್ರೂ ಇದ್ರೆ ಹೇಳ್ರಪ್ಪಾ, ನನ್ ಕುಂಡದಲ್ಲಿ ಮರಿ ಬೇಕಾದಷ್ಟಿದಾವೆ, ಎಕ್ಸ್‌ಚೇಂಜ್ ಮಾಡ್ಕೊಳೋಣ.